ಕಿವಿಗೆ ಯೋಜನೆ ಇದೆ, ಭಾಷೆಗೆ ಇಲ್ಲ: ಕಿವುಡ ಮಕ್ಕಳ ಕುಟುಂಬಕ್ಕೆ ಸರ್ಕಾರ ಕೊಡೋದೇನು, ಕೈಬಿಡೋದೆಲ್ಲಿ?

ಕರ್ನಾಟಕದ ಯಾವುದೋ ಒಂದು ತಾಲ್ಲೂಕಿನಲ್ಲಿ ಇವತ್ತು ಕೇಳಿಸದ ಮಗುವೊಂದು ಹುಟ್ಟಿದೆ ಅಂದುಕೊಳ್ಳಿ. ಸರ್ಕಾರದಲ್ಲಿ ಆ ಮಗುವಿನ ಹೊಣೆ ಯಾರದ್ದು? ಹುಡುಕಿಕೊಂಡು ಹೊರಟರೆ ಐದು ಬಾಗಿಲು ಸಿಗುತ್ತವೆ. ಕಿವಿ ಪರೀಕ್ಷೆ ಆರೋಗ್ಯ ಇಲಾಖೆಯದು. ಶ್ರವಣ ಸಾಧನ ಬರಬೇಕಾದದ್ದು ಬಹುಮಟ್ಟಿಗೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಯೋಜನೆಯಿಂದ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಊರಿನ ಶಾಲೆ ಶಿಕ್ಷಣ ಇಲಾಖೆಯದು. ಆದರೆ ಕಿವುಡ ಮಕ್ಕಳ ವಿಶೇಷ ಶಾಲೆ ಶಿಕ್ಷಣ ಇಲಾಖೆಯದಲ್ಲ. ಅದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಸೇರುತ್ತದೆ.

ಐದೂ ಕಡೆ ಏನೋ ಒಂದು ಯೋಜನೆ ಇದೆ, ಆದೇಶ ಇದೆ, ನಮೂನೆ ಇದೆ. ಏನೂ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಇಲ್ಲದಿರೋದು ಒಂದೇ: ಈ ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಯಾವುದಾದರೂ ಒಂದು ಭಾಷೆ ಸಿಕ್ಕಿದೆಯಾ ಅಂತ ಕೇಳಬೇಕಾದ ಅಧಿಕಾರಿ. ಮಾತಾಡುವ ಭಾಷೆಯೇ ಆಗಲಿ, ಕೈಯ ಭಾಷೆಯೇ ಆಗಲಿ. ಈ ಬರಹದಲ್ಲಿ ನಾನು ಮಗುವಿನ ವಯಸ್ಸಿನ ದಾರಿಯಲ್ಲೇ ಸಾಗುತ್ತೇನೆ. ಯಾವ ಹಂತದಲ್ಲಿ ಕಾನೂನು ಏನು ಹೇಳುತ್ತದೆ, ಯಾವ ಯೋಜನೆ ಇದೆ, ಎಲ್ಲಿ ದಾರಿ ಕಡಿದುಹೋಗುತ್ತದೆ ಅನ್ನೋದನ್ನು ನೋಡೋಣ.

ಕಾನೂನಿನ ಲೆಕ್ಕದಲ್ಲಿ ಯಾರು ಕಿವುಡರು

ಮೊದಲು ಪದದ ವಿಷಯ. ಸರ್ಕಾರಿ ಕಾಗದದಲ್ಲಿ 'ಶ್ರವಣದೋಷವುಳ್ಳವರು' ಅಂತ ಇರುತ್ತದೆ. ನಾನು ಇಲ್ಲಿ 'ಕಿವುಡ' ಅಂತಲೇ ಬರೆಯುತ್ತಿದ್ದೇನೆ. ಬೈಗುಳದಂತೆ ಬಳಸಿದವರಿಂದ ಆ ಪದ ಕೆಟ್ಟಿದೆ, ನಿಜ. ಆದರೆ 'ದೋಷ' ಅನ್ನೋದು ಅದಕ್ಕಿಂತ ಮರ್ಯಾದೆಯ ಪದ ಅಂತ ನನಗೆ ಅನ್ನಿಸಿಲ್ಲ. 'ಮೂಗ' ಅನ್ನೋದಂತೂ ತಪ್ಪೇ. ಕಿವುಡರಲ್ಲಿ ಬಹುಪಾಲು ಜನರ ಗಂಟಲಿಗೆ ಏನೂ ಆಗಿರುವುದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಎರಡೂ ಕಿವಿಗಳಲ್ಲಿ, ಮಾತಿನ ಆವರ್ತನಗಳಲ್ಲಿ, 70 ಡೆಸಿಬೆಲ್ ನಷ್ಟ ಇದ್ದರೆ 'ಕಿವುಡ'. 60ರಿಂದ 70 ಇದ್ದರೆ 'ಮಂದ ಶ್ರವಣ'. ನಾವು ಎದುರುಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬೆಲ್. ಅಂದರೆ 50 ಡೆಸಿಬೆಲ್ ನಷ್ಟ ಇರುವ ಮಗುವಿಗೆ ಟೀಚರ್ ಬೋರ್ಡಿನ ಕಡೆ ತಿರುಗಿ ಹೇಳಿದ ಪಾಠ ಬರೀ ಗೊಣಗಾಟವಾಗಿ ಕೇಳಿಸುತ್ತದೆ, ಆದರೂ ಅದು ಕಾಯ್ದೆಯ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಒಂದೇ ಕಿವಿ ಕೇಳಿಸದವರೂ ಬರುವುದಿಲ್ಲ. ಕ್ಲಾಸಿನಲ್ಲಿ 'ಗಮನ ಕೊಡಲ್ಲ', 'ಸೋಮಾರಿ' ಅಂತ ಹೆಸರು ಪಡೆಯೋ ಮಕ್ಕಳಲ್ಲಿ ಇಂಥವರೂ ಸೇರಿರುತ್ತಾರೆ.

2011ರ ಜನಗಣತಿಯಲ್ಲಿ ದೇಶದಲ್ಲಿ ಕೇಳಿಸದವರು ಅಂತ ದಾಖಲಾದವರು ಸುಮಾರು 50 ಲಕ್ಷ, ಕರ್ನಾಟಕದಲ್ಲಿ ಸುಮಾರು 2.35 ಲಕ್ಷ. ಮನೆಬಾಗಿಲಿಗೆ ಬಂದ ಗಣತಿದಾರರು ಕೇಳಿ ಬರೆದುಕೊಂಡ ಲೆಕ್ಕ ಇದು, ಪರೀಕ್ಷೆ ಮಾಡಿ ಬರೆದದ್ದಲ್ಲ. ಪುಟ್ಟ ಮಕ್ಕಳ ವಿಷಯದಲ್ಲಿ ಮನೆಯವರಿಗೇ ಗೊತ್ತಿರದಿದ್ದರೆ ಗಣತಿದಾರರಿಗೆ ಗೊತ್ತಾಗೋದು ಹೇಗೆ?

ಮೊದಲ ತಿಂಗಳು: ಯಾರಿಗೂ ಕಾಣದ ಸಮಸ್ಯೆ

ಕಿವುಡುತನ ಕಣ್ಣಿಗೆ ಕಾಣಲ್ಲ. ಮಗು ನಗುತ್ತದೆ, ಅಳುತ್ತದೆ, ಕಣ್ಣು ಹೊರಳಿಸುತ್ತದೆ. ತಟ್ಟೆ ಬಿದ್ದರೆ ನೆಲದ ಕಂಪನಕ್ಕೆ ಬೆಚ್ಚಿಬೀಳುತ್ತದೆ ಕೂಡ. ಒಂದೂವರೆ ವರ್ಷವಾದರೂ 'ಅಮ್ಮ' ಅನ್ನದಿದ್ದರೆ ಅಜ್ಜಿ ಹೇಳುವ ಮಾತು ಎಲ್ಲ ಊರಲ್ಲೂ ಒಂದೇ: 'ಇವರಪ್ಪನೂ ತಡವಾಗೇ ಮಾತಾಡಿದ್ದು'. ಹೀಗೆ ಎರಡು ವರ್ಷ ಹೋಗುತ್ತದೆ.

ವೈದ್ಯರು ಪಾಲಿಸುವ ಲೆಕ್ಕ 1–3–6. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ನೆರವು ಶುರು. ತಪಾಸಣೆ ಕಷ್ಟದ್ದೇನೂ ಅಲ್ಲ. ಓಎಇ ಅನ್ನೋ ಸಣ್ಣ ಉಪಕರಣದ ತುದಿಯನ್ನು ಮಲಗಿರುವ ಶಿಶುವಿನ ಕಿವಿಗಿಟ್ಟರೆ ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ಅನುಮಾನ ಬಂದರೆ ಬೆರಾ ಪರೀಕ್ಷೆ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಶಬ್ದ ಮಿದುಳಿನ ಕಾಂಡದವರೆಗೆ ತಲುಪುತ್ತಿದೆಯಾ ಅಂತ ಅದರಲ್ಲಿ ನೋಡುತ್ತಾರೆ.

ಕಾಗದದ ಮೇಲೆ ವ್ಯವಸ್ಥೆ ಇದೆ. ಕಿವುಡುತನ ತಡೆಗೆಂದೇ ರಾಷ್ಟ್ರೀಯ ಕಾರ್ಯಕ್ರಮವೊಂದು 2007ರಲ್ಲಿ 25 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಮಾಡಬೇಕಾದ ಸಮಸ್ಯೆಗಳ ಅದರ ಪಟ್ಟಿಯಲ್ಲಿ ಜನ್ಮಜಾತ ಕಿವುಡುತನವೂ ಇದೆ. ಆರು ವಾರದವರೆಗಿನ ಶಿಶುವನ್ನು ಆಶಾ ಕಾರ್ಯಕರ್ತೆ ಮನೆಯಲ್ಲಿ ನೋಡಬೇಕು. ವೈದ್ಯರ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಸಮಸ್ಯೆ ಕಂಡರೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಕಳಿಸಬೇಕು. ಎಲ್ಲ ಮಕ್ಕಳನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕು ಅಂತ 2016ರ ಕಾಯ್ದೆಯ 25ನೇ ಸೆಕ್ಷನ್ನೂ ಹೇಳುತ್ತದೆ.

ತೊಡಕು ಇರೋದು ಸಲಕರಣೆಯಲ್ಲಿ. ಆಶಾ ಅಕ್ಕನ ಚೀಲದಲ್ಲಿ ಓಎಇ ಇರಲ್ಲ. ಅವರು ಸದ್ದು ಮಾಡಿ ನೋಡಬಹುದು, ತಾಯಿಯನ್ನು ಪ್ರಶ್ನೆ ಕೇಳಬಹುದು, ಅಷ್ಟೇ. ಅದರಿಂದ ಪೂರ್ತಿ ಕೇಳಿಸದ ಮಗು ಸಿಕ್ಕರೂ ಸಿಗಬಹುದು, ಅರ್ಧಂಬರ್ಧ ಕೇಳಿಸುವ ಮಗು ತಪ್ಪಿಸಿಕೊಳ್ಳುತ್ತದೆ. ಹೆರಿಗೆ ಆಗುವ ಜಾಗದಲ್ಲೇ, ತಾಯಿಯನ್ನು ಮನೆಗೆ ಕಳಿಸುವ ಮೊದಲೇ, ಉಪಕರಣದಿಂದ ಪರೀಕ್ಷೆ ಆಗಬೇಕು. ಕೇರಳ ತನ್ನ 'ಶಲಭಂ' ನವಜಾತ ಶಿಶು ತಪಾಸಣೆಯಲ್ಲಿ ಶ್ರವಣ ಪರೀಕ್ಷೆಯನ್ನೂ ಸೇರಿಸಿಕೊಂಡಿದೆ.

ನಮ್ಮಲ್ಲಿ ಇದಕ್ಕೆ ಬೇಕಾದ ವಿದ್ಯೆ ಇಲ್ಲವೇ? ದೇಶದಲ್ಲೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಹಳ್ಳಿಗಾಡಿನ ಹೊರಸೇವಾ ಕೇಂದ್ರಗಳಲ್ಲಿ ನವಜಾತ ಶಿಶುಗಳ ತಪಾಸಣೆಯನ್ನೂ ಮಾಡುತ್ತದೆ. ಆದರೆ ಅದು ಕೇಂದ್ರ ಆರೋಗ್ಯ ಸಚಿವಾಲಯದ ಕೆಳಗಿನ ಸಂಸ್ಥೆ. 2021ರ ಜೂನ್‌ನಲ್ಲಿ ಸಾಮಾಜಿಕ ನ್ಯಾಯ ಸಚಿವಾಲಯ ವಿಕಲಚೇತನ ಶಿಶುಗಳಿಗಾಗಿ ಶೀಘ್ರ ನೆರವು ಕೇಂದ್ರಗಳನ್ನು ತೆರೆದಾಗ ಮೊದಲ 14ನ್ನು ತನ್ನ ಸಂಸ್ಥೆಗಳಿದ್ದ ಊರುಗಳಲ್ಲೇ ತೆರೆಯಿತು. ಆ 14ರಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಮಗುವಿಗೆ ಸಚಿವಾಲಯದ ಗಡಿ ಗೊತ್ತಿರಲ್ಲ ಅಲ್ವಾ?

ಸಾಧನ ಬಂತು, ಆಮೇಲೆ?

ಸರ್ಕಾರ ಹೆಚ್ಚು ಹುಮ್ಮಸ್ಸಿನಿಂದ ಮಾಡುವ ಕೆಲಸ ಸಾಧನ ಕೊಡೋದು. ಅದರಲ್ಲಿ ಫೋಟೋ ಇದೆ, ಸಂಖ್ಯೆ ಇದೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯ ಮಿತಿಯೊಳಗಿನ ಕುಟುಂಬಗಳಿಗೆ ಶ್ರವಣ ಸಾಧನ ಸಿಗುತ್ತದೆ. 2014ರಲ್ಲಿ ಅದಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಕೂಡ ಸೇರಿತು. ಆಗ ಇಟ್ಟ ಗುರಿ ದೇಶಕ್ಕೆಲ್ಲ ಸೇರಿ ವರ್ಷಕ್ಕೆ 500 ಮಕ್ಕಳು, ಒಂದು ಸಾಧನಕ್ಕೆ 6 ಲಕ್ಷ ರೂಪಾಯಿ ಮಿತಿ. ಕರ್ನಾಟಕದಲ್ಲಿ 'ಶ್ರವಣ ಸಂಜೀವಿನಿ' ಹೆಸರಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಉಚಿತ ಇಂಪ್ಲಾಂಟ್ ಯೋಜನೆ ಇದೆ.

ಇಂಪ್ಲಾಂಟ್ ಅಂದರೆ ಕನ್ನಡಕದ ಥರ ಅಲ್ಲ. ಹಾಕಿದ ತಕ್ಷಣ ಕೇಳಿಸಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಒಳಗಿವಿಗೆ ಎಲೆಕ್ಟ್ರೋಡ್ ಇಡುತ್ತಾರೆ. ಹೊರಗೆ ಕಿವಿಯ ಹಿಂದೆ ಪ್ರೊಸೆಸರ್ ಕೂರುತ್ತದೆ. ಕೆಲವು ವಾರದ ನಂತರ ಅದನ್ನು ಚಾಲೂ ಮಾಡಿ, ಮತ್ತೆ ಮತ್ತೆ ಹೊಂದಿಸಬೇಕು. ಅದಕ್ಕೆ 'ಮ್ಯಾಪಿಂಗ್' ಅಂತಾರೆ. ಕಿವಿಗೆ ಬೀಳುತ್ತಿರುವ ಈ ಸದ್ದು 'ಮಾತು' ಅಂತ ಮಿದುಳಿಗೆ ಕಲಿಸೋಕೆ ವರ್ಷಗಟ್ಟಲೆ ಥೆರಪಿ ಬೇಕು. ಪ್ರೊಸೆಸರ್, ಕೇಬಲ್, ಬ್ಯಾಟರಿ ಕೆಡುತ್ತವೆ. ಮಗು ಬಾವಿಕಟ್ಟೆ ಹತ್ತಿರ ಆಡುವಾಗ ಪ್ರೊಸೆಸರ್ ನೀರಿಗೆ ಬಿತ್ತು ಅಂದರೆ ಅಲ್ಲಿಗೆ ಮನೆಯವರ ನಿದ್ದೆ ಹೋಯಿತು.

ಥೆರಪಿಸ್ಟ್‌ಗಳು ಹೆಚ್ಚಾಗಿ ಇರೋದು ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಡೆ. ಸಿಂಧನೂರಿನ, ಹೊಸದುರ್ಗದ ತಾಯಿ ವಾರಕ್ಕೆರಡು ದಿನ ಮಗುವನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕು? ಆ ಎರಡು ದಿನದ ಕೂಲಿ ಯಾರು ಕೊಡುತ್ತಾರೆ? ನನ್ನ ಲೆಕ್ಕದಲ್ಲಿ, ಈಚಿನ ವರ್ಷಗಳಲ್ಲಿ ಕಿವುಡ ಮಕ್ಕಳ ಥೆರಪಿಗೆ ರಾಜ್ಯ ಸರ್ಕಾರ ಕೊಟ್ಟ ದೊಡ್ಡ ನೆರವು ವಿಕಲಚೇತನರ ಯಾವ ಯೋಜನೆಯೂ ಅಲ್ಲ, 2023ರ ಜೂನ್‌ನಲ್ಲಿ ಶುರುವಾದ ಶಕ್ತಿ. ಥೆರಪಿಗೆ ಮಗುವನ್ನು ಕರೆದೊಯ್ಯೋದು ಸಾಮಾನ್ಯವಾಗಿ ತಾಯಿಯೇ, ಆಕೆಯ ಬಸ್ ಚಾರ್ಜ್ ಉಳಿಯಿತು. ಯಾವ ಕಡತದಲ್ಲೂ ಇದು ಅಂಗವಿಕಲ ನೀತಿ ಅಂತ ದಾಖಲಾಗಿಲ್ಲ.

ಇಂಪ್ಲಾಂಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಗ ಆಗಿ, ಥೆರಪಿ ಸರಿಯಾಗಿ ಸಿಕ್ಕ ಮಕ್ಕಳಲ್ಲಿ ಅನೇಕರು ಸಲೀಸಾಗಿ ಮಾತಾಡುತ್ತಾರೆ. ಎಲ್ಲರೂ ಅಲ್ಲ. ಕೆಲವರಿಗೆ ಶ್ರವಣ ನರವೇ ಇರಲ್ಲ, ಕೆಲವರಿಗೆ ವಯಸ್ಸು ಮೀರಿರುತ್ತದೆ, ಕೆಲವರ ಸಾಧನ ಮನೆಯ ಡಬ್ಬಿಯಲ್ಲಿ ಕೂತಿರುತ್ತದೆ. ಫಲಿತಾಂಶ ಏನಾಗುತ್ತೋ ಅಂತ ಗೊತ್ತಾಗುವಷ್ಟರಲ್ಲಿ ಮಗುವಿಗೆ ನಾಲ್ಕೈದು ವರ್ಷ. ಆ ವರ್ಷಗಳು ಮಿದುಳು ಭಾಷೆಯನ್ನು ತಾನಾಗೇ ಹೀರಿಕೊಳ್ಳುವ ವರ್ಷಗಳು, ಮತ್ತೆ ಬರಲ್ಲ.

ನೀತಿಯ ನಡುವಿನ ಖಾಲಿ ಜಾಗ

ನನ್ನ ದೊಡ್ಡಪ್ಪನ ಮಗಳು ಹುಟ್ಟಿನಿಂದ ಕಿವುಡಿ. ನಮ್ಮ ಮನೆಯಲ್ಲಿ ಅಕ್ಕನ ಜೊತೆ ಮಾತಾಡೋಕೆ ನಾವೇ ಕಟ್ಟಿಕೊಂಡ ಸನ್ನೆಗಳಿದ್ದವು. ಅನ್ನಕ್ಕೊಂದು, ನೀರಿಗೊಂದು, 'ಬೈತಾರೆ' ಅನ್ನೋದಕ್ಕೊಂದು, ಮೀಸೆ ತೋರಿಸಿದರೆ ದೊಡ್ಡಪ್ಪ. 'ಯಾಕೆ' ಅನ್ನೋಕೆ ಸನ್ನೆ ಇರಲಿಲ್ಲ. 'ಮುಂದಿನ ವರ್ಷ' ಅನ್ನೋಕೂ ಇರಲಿಲ್ಲ. ಅಜ್ಜ ಸತ್ತಾಗ ಅವರು ಎಲ್ಲಿ ಹೋದರು ಅಂತ ಅವಳಿಗೆ ಹೇಳುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಒಂಬತ್ತನೇ ವಯಸ್ಸಿಗೆ ಹಾಸ್ಟೆಲ್ ಇರುವ ವಿಶೇಷ ಶಾಲೆಗೆ ಸೇರಿದಳು. ಅಲ್ಲಿ ಟೀಚರ್‌ಗಳು ಬಾಯಿ ನೋಡಿ ಮಾತಾಡಿಸುವುದನ್ನು ಕಲಿಸುತ್ತಿದ್ದರು. ರಾತ್ರಿ ಹಾಸ್ಟೆಲ್ಲಿನಲ್ಲಿ ದೊಡ್ಡ ಹುಡುಗಿಯರು ಕೈಯಲ್ಲಿ ಮಾತಾಡುತ್ತಿದ್ದರು. ಅವಳು ಭಾಷೆ ಕಲಿತದ್ದು ರಾತ್ರಿ.

ನಮ್ಮ ಮನೆ ಅಪವಾದ ಅಲ್ಲ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಿವುಡ ಮಕ್ಕಳು ಕೇಳಿಸುವ ತಂದೆತಾಯಿಗೆ ಹುಟ್ಟುತ್ತಾರೆ. ಅಂದರೆ ಮಗುವಿಗೆ ಸುಲಭವಾಗಿ ದಕ್ಕುವ ಭಾಷೆ ಮನೆಯಲ್ಲಿ ಯಾರಿಗೂ ಬರಲ್ಲ. ಈ ಕೊರತೆಗೆ ಸಂಶೋಧಕರು ಕೊಟ್ಟ ಹೆಸರು 'ಭಾಷಾವಂಚನೆ'. ಮೊದಲ ಐದು ವರ್ಷದಲ್ಲಿ ಪೂರ್ತಿಯಾದ ಒಂದು ಭಾಷೆ ಸಿಗದಿದ್ದರೆ ಆಮೇಲೆ ಓದು, ಲೆಕ್ಕ, ಇನ್ನೊಬ್ಬರ ಮನಸ್ಸನ್ನು ಊಹಿಸೋದು, ಎಲ್ಲವೂ ಕಷ್ಟವಾಗುತ್ತದೆ. ಅದಕ್ಕೆ ಕಾರಣ ಕಿವಿಗಿಂತ ಹೆಚ್ಚಾಗಿ ಭಾಷೆಯ ಬರ.

ಸನ್ನೆ ಭಾಷೆ ಕಲಿತರೆ ಮಗು ಮಾತಾಡೋದೇ ಇಲ್ಲ ಅನ್ನೋ ಹೆದರಿಕೆ ಇನ್ನೂ ಇದೆ. ಅದರ ಬೇರು ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ್ದ ಕಿವುಡರ ಶಿಕ್ಷಕರ ಸಮ್ಮೇಳನ ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಸಾಕು ಅಂತ ನಿರ್ಣಯಿಸಿತು. ಓಟು ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕೇಳಿಸುವವರು. ಮುಂಬೈಯಲ್ಲಿ 1885ರಲ್ಲಿ, ಕೋಲ್ಕತ್ತದಲ್ಲಿ 1893ರಲ್ಲಿ ಕಿವುಡರ ಶಾಲೆಗಳು ಶುರುವಾದದ್ದು ಆ ಗಾಳಿ ಬೀಸುತ್ತಿದ್ದಾಗಲೇ. ಅದೇ ಸಮ್ಮೇಳನದ ಸಾಲಿನ 2010ರ ಸಭೆ ಕೆನಡಾದ ವ್ಯಾಂಕೂವರ್‌ನಲ್ಲಿ ಮಿಲಾನ್ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. 130 ವರ್ಷ ಬೇಕಾಯಿತು.

ಸನ್ನೆ ಭಾಷೆ ಅಂದರೆ ಕೈಯಲ್ಲಿ ಕನ್ನಡ ಆಡೋದಲ್ಲ. ಭಾರತೀಯ ಸನ್ನೆ ಭಾಷೆಗೆ ಅದರದೇ ವ್ಯಾಕರಣ ಇದೆ. 'ಏನು', 'ಎಲ್ಲಿ' ಥರದ ಪ್ರಶ್ನೆಪದ ವಾಕ್ಯದ ಕೊನೆಗೆ ಬರುತ್ತದೆ, ಹುಬ್ಬು ಮತ್ತು ಮುಖದ ಚಲನೆಯೂ ವ್ಯಾಕರಣದ ಭಾಗ. ಒಂದೊಂದು ಪ್ರದೇಶದಲ್ಲಿ ಕೆಲವು ಸನ್ನೆ ಬೇರೆ ಇರುತ್ತವೆ, ನಮ್ಮ ಧಾರವಾಡ–ಮಂಗಳೂರು ಕನ್ನಡದ ಹಾಗೆ.

ಈ ಭಾಷೆಯ ಬಗ್ಗೆ ನಮ್ಮ ಕಾನೂನು ಮೌನವಾಗಿಲ್ಲ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 24ನೇ ವಿಧಿ ಸನ್ನೆ ಭಾಷೆ ಕಲಿಕೆಗೆ ಅನುಕೂಲ ಮಾಡಿಕೊಡಬೇಕು, ಕಿವುಡ ಸಮುದಾಯದ ಭಾಷಿಕ ಗುರುತನ್ನು ಬೆಳೆಸಬೇಕು ಅನ್ನುತ್ತದೆ. 2016ರ ಕಾಯ್ದೆಯ 16ನೇ ಸೆಕ್ಷನ್ ಕಿವುಡ ಮಕ್ಕಳಿಗೆ ಅತ್ಯಂತ ಸೂಕ್ತವಾದ ಭಾಷೆ ಮತ್ತು ವಿಧಾನದಲ್ಲಿ ಶಿಕ್ಷಣ ಕೊಡಬೇಕು ಅಂತಲೂ, 17ನೇ ಸೆಕ್ಷನ್ ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನು, ವಿಕಲಚೇತನ ಶಿಕ್ಷಕರನ್ನೂ ಸೇರಿಸಿ, ತರಬೇತಿ ಕೊಟ್ಟು ನೇಮಿಸಬೇಕು ಅಂತಲೂ ಹೇಳುತ್ತವೆ. 2020ರ ಶಿಕ್ಷಣ ನೀತಿ ಭಾರತೀಯ ಸನ್ನೆ ಭಾಷೆಯನ್ನು ದೇಶಾದ್ಯಂತ ಪ್ರಮಾಣೀಕರಿಸುವ, ಸ್ಥಳೀಯ ಸನ್ನೆ ಭಾಷೆಗಳನ್ನು ಗೌರವಿಸುವ ಮಾತಾಡುತ್ತದೆ.

ಕೆಲಸವೂ ಆಗಿದೆ. ದೆಹಲಿಯ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ಹುಟ್ಟಿತು. ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ರ ಹೊತ್ತಿಗೆ 10,000 ಮುಟ್ಟಿತು. ಎನ್‌ಸಿಇಆರ್‌ಟಿ ಪಠ್ಯಗಳನ್ನು ಸನ್ನೆ ಭಾಷೆಗೆ ತರುವ ಒಪ್ಪಂದ 2020ರಲ್ಲಿ ಆಯಿತು. 2024ರ ಡಿಸೆಂಬರ್ 6ರಂದು ಸನ್ನೆ ಭಾಷೆಗೆಂದೇ ಪಿಎಂ ಇ–ವಿದ್ಯಾ 31ನೇ ಚಾನೆಲ್ ಬಂತು. ಎಲ್ಲ ಒಳ್ಳೆಯದೇ. ಆದರೆ ನಮ್ಮ ರಾಜ್ಯ ಪಠ್ಯಕ್ರಮದ ಕನ್ನಡ, ಸಮಾಜ ವಿಜ್ಞಾನದ ಪಾಠ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಇರಲ್ಲ.

ಈಗ ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಎಲ್ಲವೂ ಶಾಲೆಗೆ ಬಂದ ಮಗುವಿಗಾಗಿ. ಭಾಷೆ ಬೇಕಾದದ್ದು ಶಾಲೆಗೆ ಬರುವ ಮೊದಲು, ಅಮ್ಮನ ಮಡಿಲಲ್ಲಿ. ಆ ಅಮ್ಮನಿಗೆ ಸನ್ನೆ ಭಾಷೆ ಕಲಿಸೋದು ಯಾರ ಕೆಲಸ? ಆರೋಗ್ಯ ಇಲಾಖೆಯದಲ್ಲ, ಅವರದು ಕಿವಿ. ಶಿಕ್ಷಣ ಇಲಾಖೆಯದಲ್ಲ, ಅವರದು ಆರು ವರ್ಷದ ನಂತರ. ಅಂಗನವಾಡಿಗಳಿಗಾಗಿ 2023ರ ನವೆಂಬರ್‌ನಲ್ಲಿ ಕೇಂದ್ರ ದಿವ್ಯಾಂಗ ಮಕ್ಕಳ ಮಾರ್ಗಸೂಚಿ ತಂದಿದೆ. ಆದರೆ ಕೈತುಂಬ ಕೆಲಸ ಇರುವ ಅಂಗನವಾಡಿ ಕಾರ್ಯಕರ್ತೆಯನ್ನು ಭಾಷಾ ಶಿಕ್ಷಕಿ ಮಾಡೋಕೆ ಆಗುತ್ತಾ? ಆನ್‌ಲೈನ್ ಕೋರ್ಸ್‌ಗಳಿವೆ. ಕೂಲಿಗೆ ಹೋಗುವ ತಾಯಿ ಫೋನಿನಲ್ಲಿ ಹಿಂದಿ–ಇಂಗ್ಲಿಷ್ ವಿವರಣೆ ನೋಡಿಕೊಂಡು ಒಬ್ಬಳೇ ಹೊಸ ಭಾಷೆ ಕಲಿಯಲಿ ಅಂತ ಬಿಟ್ಟುಬಿಡೋದು ನೀತಿ ಅಲ್ಲ.

ಇದು ಆಗದ ಕೆಲಸವೂ ಅಲ್ಲ. ಸ್ವೀಡನ್‌ನಲ್ಲಿ ಸನ್ನೆ ಭಾಷೆ ಬೇಕಾದ ಮಕ್ಕಳ ತಂದೆತಾಯಿಗೆ 240 ಗಂಟೆಗಳ ಸನ್ನೆ ಭಾಷೆ ತರಬೇತಿಯನ್ನು 1990ರ ದಶಕದ ಕೊನೆಯಿಂದ ಸರ್ಕಾರದ ನೆರವಿನಲ್ಲಿ ಕೊಡುತ್ತಿದ್ದಾರೆ. ನಾವು ಸ್ವೀಡನ್ ಅಲ್ಲ, ಗೊತ್ತು. ಆದರೆ ನಮ್ಮಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರು ಸ್ವತಃ ವಿಕಲಚೇತನರು. ಅವರ ದಿನ ಹೋಗೋದು ಯುಡಿಐಡಿ ಕಾರ್ಡ್, ಪಿಂಚಣಿ ಅರ್ಜಿಗಳಲ್ಲಿ. ಇನ್ನೊಂದು ಕಡೆ ಸನ್ನೆ ಭಾಷೆ ಕಲಿಸೋ ಡಿಪ್ಲೊಮಾವನ್ನು ಕಿವುಡರಿಗೆಂದೇ ದೆಹಲಿಯ ಕೇಂದ್ರ ನಡೆಸುತ್ತದೆ. ತಾಲ್ಲೂಕಿಗೆ ಒಬ್ಬ ತರಬೇತಾದ ಕಿವುಡ ವ್ಯಕ್ತಿಯನ್ನು ಸಂಬಳ ಕೊಟ್ಟು ನೇಮಿಸಿ, ಪುಟ್ಟ ಕಿವುಡ ಮಕ್ಕಳಿರುವ ಮನೆಗಳಿಗೆ ವಾರಕ್ಕೊಮ್ಮೆ ಕಳಿಸಿದರೆ ಎಷ್ಟು ಖರ್ಚಾದೀತು? ಇಂಪ್ಲಾಂಟ್‌ನ ಬೆಲೆಯ ಪಕ್ಕ ಇಟ್ಟು ನೋಡಿ.

ಕನ್ನಡಿಗರಿಗೆ ಈ ಪ್ರಶ್ನೆ ಹೊಸದಾಗಿ ಅನ್ನಿಸಬಾರದು. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಆಗಬೇಕು ಅಂತ ನಾವು ದಶಕಗಟ್ಟಲೆ ಹೋರಾಡಿದ್ದೇವೆ, ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದೇವೆ. 2014ರ ಮೇ ತಿಂಗಳಲ್ಲಿ ಆ ಮೊಕದ್ದಮೆ ಸೋತೆವು. ಮಗುವಿನ ತಾಯ್ನುಡಿ ಯಾವುದು ಅಂತ ತೀರ್ಮಾನಿಸೋದು ತಂದೆತಾಯಿ ಅಂತ ಕೋರ್ಟ್ ಹೇಳಿತು. ತಾಯಿಯ ನುಡಿ ಮಗುವಿನ ಕಿವಿಗೆ ಬೀಳದೇ ಇರುವ ಮನೆಯ ಬಗ್ಗೆ ಆ ಇಡೀ ವಾದದಲ್ಲಿ ನಾವ್ಯಾರೂ ಯೋಚಿಸಿರಲಿಲ್ಲ.

ಶಾಲೆ: ಎರಡು ದಾರಿ, ಎರಡೂ ಕಿರಿದು

6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಅದೂ ನೆರೆಯ ಶಾಲೆ ಅಥವಾ ವಿಶೇಷ ಶಾಲೆ, ಆಯ್ಕೆ ಕುಟುಂಬದ್ದು. 2016ರ ಕಾಯ್ದೆಯ 31ನೇ ಸೆಕ್ಷನ್ ಕೊಟ್ಟ ಹಕ್ಕು ಇದು. ಇದಕ್ಕೆ 40 ಪ್ರತಿಶತ ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಬೇಕು.

ವಿಶೇಷ ಶಾಲೆ ಆರಿಸಿಕೊಂಡರೆ, ಸರ್ಕಾರವೇ ನಡೆಸುವ ಕಿವುಡ ಮಕ್ಕಳ ಶಾಲೆಗಳು ಮೈಸೂರು, ಬೆಳಗಾವಿ, ಕಲಬುರಗಿ, ಬಳ್ಳಾರಿಯಲ್ಲಿವೆ. ಉಳಿದದ್ದೆಲ್ಲ ಸ್ವಯಂಸೇವಾ ಸಂಸ್ಥೆಗಳ ಶಾಲೆಗಳು, ಸರ್ಕಾರ ಅನುದಾನ ಕೊಡುತ್ತದೆ. ಹೆಚ್ಚಿನ ಕುಟುಂಬಕ್ಕೆ ಅದರ ಅರ್ಥ ಆರೇಳು ವರ್ಷದ ಮಗುವನ್ನು ಹಾಸ್ಟೆಲ್ಲಿಗೆ ಬಿಡೋದು.

ಊರಿನ ಶಾಲೆ ಆರಿಸಿಕೊಂಡರೆ, ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯದ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಲೆಕ್ಕದಲ್ಲಿ ಹಣ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಶಿಷ್ಯವೇತನ ಇದೆ. ತಾಲ್ಲೂಕು ಮಟ್ಟದಲ್ಲಿ ಬಿಐಇಆರ್‌ಟಿ ಅಂತ ಕರೆಯುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರು ಶಾಲೆಯಿಂದ ಶಾಲೆಗೆ ಓಡಾಡಬೇಕು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಕೊಟ್ಟ ತೀರ್ಪಿನ ನಂತರ ಕೇಂದ್ರ 2022ರಲ್ಲಿ ಅನುಪಾತ ನಿಗದಿ ಮಾಡಿತು: ಪ್ರಾಥಮಿಕ ಹಂತದಲ್ಲಿ 10 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಹಿರಿಯ ಪ್ರಾಥಮಿಕದಲ್ಲಿ 15ಕ್ಕೆ ಒಬ್ಬರು. 2025ರ ಮಾರ್ಚ್‌ನಲ್ಲಿ ಅದೇ ಕೋರ್ಟ್ ಹುದ್ದೆಗಳನ್ನು ಮಂಜೂರು ಮಾಡಿ ಅಂತ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು.

ಹುದ್ದೆ ತುಂಬಿದರೂ ಒಂದು ಪ್ರಶ್ನೆ ಉಳಿಯುತ್ತದೆ. 'ವಿಶೇಷ ಶಿಕ್ಷಕ' ಅಂದ ಮಾತ್ರಕ್ಕೆ ಸನ್ನೆ ಭಾಷೆ ಬರಬೇಕು ಅಂತಿಲ್ಲ. ಬುದ್ಧಿಮಾಂದ್ಯತೆಯಲ್ಲಿ ತರಬೇತಾದವರು ಕಿವುಡ ಮಗುವಿನ ಮುಂದೆ ಕೂತರೆ ಅನುಪಾತ ಸರಿಹೋಯಿತು, ಪಾಠ ಆಗಲಿಲ್ಲ. ಕೇಳಿಸುವ 40 ಮಕ್ಕಳ ಮಧ್ಯೆ ಒಂದೇ ಕಿವುಡ ಮಗುವನ್ನು ಕೂರಿಸಿ ಅದನ್ನು 'ಒಳಗೊಳ್ಳುವಿಕೆ' ಅನ್ನೋದನ್ನು ನಾನು ಒಪ್ಪಲ್ಲ. ಆ ಮಗು ಕೋಣೆಯೊಳಗಿದೆ, ಮಾತಿನ ಹೊರಗಿದೆ. ಹತ್ತಿರದ ನಾಲ್ಕೈದು ಊರಿನ ಕಿವುಡ ಮಕ್ಕಳು ಒಂದೇ ಸಾಮಾನ್ಯ ಶಾಲೆಯಲ್ಲಿ, ಸನ್ನೆ ಬಲ್ಲ ಒಬ್ಬ ಶಿಕ್ಷಕರ ಜೊತೆ ಇದ್ದರೆ ಹಾಸ್ಟೆಲ್ಲೂ ಬೇಡ, ಒಂಟಿತನವೂ ಇರಲ್ಲ.

ಅದರ ಬದಲು ವ್ಯವಸ್ಥೆ ಧಾರಾಳವಾಗಿ ಕೊಡೋದು ವಿನಾಯಿತಿ. ಕಾಯ್ದೆಯ 17ನೇ ಸೆಕ್ಷನ್‌ನಲ್ಲೇ ಪರೀಕ್ಷೆಗೆ ಹೆಚ್ಚುವರಿ ಸಮಯದ ಜೊತೆ ದ್ವಿತೀಯ, ತೃತೀಯ ಭಾಷೆಯಿಂದ ವಿನಾಯಿತಿಯ ಪ್ರಸ್ತಾಪ ಇದೆ. ಪಾಸಾಗೋಕೆ ಅದು ಬೇಕು, ನಾನು ಕಿತ್ತುಹಾಕಿ ಅನ್ನಲ್ಲ. ಆದರೆ ಇಂಗ್ಲಿಷ್ ಬಿಟ್ಟು ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಡಿಗ್ರಿಗೆ, ಕೆಲಸಕ್ಕೆ ಹೋದಾಗ ಅದೇ ಇಂಗ್ಲಿಷ್ ಎದುರಿಗೆ ನಿಂತಿರುತ್ತದೆ. ಸರ್ಕಾರಿ ಹುದ್ದೆಗಳಲ್ಲಿ ವಿಕಲಚೇತನರಿಗಿರುವ 4 ಪ್ರತಿಶತದಲ್ಲಿ 1 ಪ್ರತಿಶತ ಕಿವುಡರಿಗೆ ಮತ್ತು ಮಂದ ಶ್ರವಣದವರಿಗೆ ಮೀಸಲು. ಅಲ್ಲಿಗೆ ತಲುಪೋ ಏಣಿಯಲ್ಲಿ ಮೆಟ್ಟಿಲು ಕಮ್ಮಿ.

ದುಭಾಷಿ ಇದ್ದರೆ ಏನಾಗುತ್ತದೆ ಅನ್ನೋದಕ್ಕೆ ಉದಾಹರಣೆ ನಮ್ಮ ಊರಲ್ಲೇ ಇದೆ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಸನ್ನೆ ಭಾಷೆ ದುಭಾಷಿಯ ಮೂಲಕ ಹಾಜರಾದರು.

ಕುಟುಂಬ ಅನ್ನೋದು ಯಾವ ಯೋಜನೆಯಲ್ಲೂ ಇಲ್ಲ

1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆ ಆರೈಕೆ ಮಾಡುವ ಕುಟುಂಬವನ್ನು ಗಮನದಲ್ಲಿಟ್ಟುಕೊಂಡ ಕಾನೂನು. ಆರೋಗ್ಯ ವಿಮೆಯಂಥ ಯೋಜನೆಗಳೂ ಅದರಡಿ ಇವೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹು ವೈಕಲ್ಯಕ್ಕೆ ಮಾತ್ರ. ಬರೀ ಕಿವುಡುತನ ಇದ್ದರೆ ಆ ಬಾಗಿಲು ಮುಚ್ಚಿದೆ.

ಮನೆಯೊಳಗೆ ನಡೆಯೋದು ಬೇರೆಯೇ. ಮೊದಲು ದೂರು ತಾಯಿಯ ಮೇಲೆ. ಬಸುರಿಯಲ್ಲಿ ಏನು ತಿಂದಳು, ಗ್ರಹಣ ನೋಡಿದಳಾ. ವಂಶವಾಹಿ ಕಾರಣಗಳ ಬಗ್ಗೆ, ಸೋದರಮಾವ–ಅಕ್ಕನ ಮಗಳಂಥ ಹತ್ತಿರದ ಸಂಬಂಧದ ಮದುವೆಗಳಲ್ಲಿ ಸಾಧ್ಯತೆ ಹೆಚ್ಚುವ ಬಗ್ಗೆ ಬೈಯದೆ ತಿಳಿಸಿ ಹೇಳುವ ಆಪ್ತಸಲಹೆ ಜಿಲ್ಲಾ ಮಟ್ಟದಲ್ಲೇ ಸಿಗಬೇಕು. ಕೇಳಿಸುವ ತಂಗಿಯೋ ತಮ್ಮನೋ ಎಂಟು ವರ್ಷಕ್ಕೇ ದುಭಾಷಿ ಆಗುತ್ತಾರೆ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಬ್ಯಾಂಕಿನಲ್ಲಿ. ಎಲ್ಲಕ್ಕಿಂತ ಭಯದ್ದು ಇನ್ನೊಂದಿದೆ. ತನಗಾದ ದೌರ್ಜನ್ಯವನ್ನು ಹೇಳೋಕೆ ಭಾಷೆ ಇಲ್ಲದ ಮಗು. ಪೋಕ್ಸೊ ಕಾಯ್ದೆಯ 26ನೇ ಸೆಕ್ಷನ್ ವಿಕಲಚೇತನ ಮಗುವಿನ ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ನೆರವು ಪಡೆಯಲು ಅವಕಾಶ ಕೊಡುತ್ತದೆ. ಆದರೆ ಮಗುವಿಗೆ ಗೊತ್ತಿರೋದು ಮನೆಯ ಹತ್ತಿಪ್ಪತ್ತು ಸನ್ನೆ ಮಾತ್ರ ಆಗಿದ್ದರೆ, ಎಷ್ಟೇ ನುರಿತ ದುಭಾಷಿ ಬಂದರೂ ಅನುವಾದ ಮಾಡೋದು ಏನನ್ನು?

ನಿಮ್ಮ ಜಿಲ್ಲೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

ಮಾಹಿತಿ ಹಕ್ಕಿನ ಅರ್ಜಿ ಶುಲ್ಕ 10 ರೂಪಾಯಿ. ಆರೋಗ್ಯ ಇಲಾಖೆಗೆ: ಜಿಲ್ಲೆಯ ಎಷ್ಟು ಹೆರಿಗೆ ಆಸ್ಪತ್ರೆಗಳಲ್ಲಿ ಓಎಇ ಉಪಕರಣ ಇದೆ, ಕೆಲಸ ಮಾಡುತ್ತಿದೆಯಾ, ಕಳೆದ ವರ್ಷ ಎಷ್ಟು ಶಿಶುಗಳ ಪರೀಕ್ಷೆ ಆಯಿತು, ಕಿವುಡುತನ ಖಚಿತವಾದಾಗ ಮಕ್ಕಳಿಗೆ ಸರಾಸರಿ ಎಷ್ಟು ತಿಂಗಳು. ಇಂಪ್ಲಾಂಟ್ ಆದ ಮಕ್ಕಳಲ್ಲಿ ಎರಡು ವರ್ಷದ ನಂತರವೂ ಥೆರಪಿಗೆ ಬರುತ್ತಿರುವವರು ಎಷ್ಟು. ಶಿಕ್ಷಣ ಇಲಾಖೆಗೆ: ತಾಲ್ಲೂಕಿನ ವಿಶೇಷ ಶಿಕ್ಷಕರಲ್ಲಿ ಸನ್ನೆ ಭಾಷೆಯ ಪ್ರಮಾಣಪತ್ರ ಇರುವವರು ಎಷ್ಟು, ಅವರಲ್ಲಿ ಕಿವುಡ ಶಿಕ್ಷಕರು ಎಷ್ಟು. ವಿಕಲಚೇತನರ ಇಲಾಖೆಗೆ: ಆರು ವರ್ಷದೊಳಗಿನ ಕಿವುಡ ಮಕ್ಕಳ ಪಾಲಕರಿಗೆ ಸನ್ನೆ ಭಾಷೆ ಕಲಿಸೋಕೆ ಈ ವರ್ಷ ಎಷ್ಟು ಹಣ ಇಟ್ಟಿದ್ದೀರಿ.

ಉತ್ತರ ಬಾರದಿದ್ದರೆ ಮೇಲ್ಮನವಿ ಇದೆ. ಹಕ್ಕು ಸಿಗದಿದ್ದರೆ 2016ರ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಆಯುಕ್ತರು ಸ್ವಯಂಪ್ರೇರಿತವಾಗಿಯೂ ವಿಚಾರಣೆ ಮಾಡಬಹುದು. ಕೊನೆಯ ಪ್ರಶ್ನೆಗೆ 'ಅಂಥ ಲೆಕ್ಕಶೀರ್ಷಿಕೆ ಇರುವುದಿಲ್ಲ' ಅಂತ ಉತ್ತರ ಬಂದರೆ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಬಜೆಟ್‌ಗೆ ಮುನ್ನ ನಿಮ್ಮ ಶಾಸಕರ ಮುಂದೆ ಇಡೋಕೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗಲಿಕ್ಕಿಲ್ಲ.